ಕಲಬುರಗಿ ಬಿಸಿಲು, ಚಿಪ್‌ನೊಳಗಿನ ಗಾಳಿಗುಳ್ಳೆ

ಒಂದು ಹನಿ ರಕ್ತ ಕೊಡಿ, ರಿಪೋರ್ಟ್ ಇಲ್ಲೇ ಕೊಡ್ತೀವಿ ಎನ್ನುವ ಯಂತ್ರಗಳು ಜಿಲ್ಲಾಸ್ಪತ್ರೆ ದಾಟಿ ತಾಲ್ಲೂಕಿಗೆ, ಅಲ್ಲಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಇಳಿಯುತ್ತಿವೆ. ಕಫದಲ್ಲಿ ಕ್ಷಯದ ರೋಗಾಣು ಹುಡುಕುವ ಜೀನ್‌ಎಕ್ಸ್‌ಪರ್ಟ್ ಕಾರ್ಟ್ರಿಡ್ಜ್ ಇದೆ. ಅದೇ ಕೆಲಸಕ್ಕೆ ಬೆಂಗಳೂರಿನಲ್ಲಿ ರೂಪುಗೊಂಡ ಟ್ರೂನ್ಯಾಟ್ ಚಿಪ್ ಇದೆ. ಬೆರಳು ಚುಚ್ಚಿ ಹಿಮೋಗ್ಲೋಬಿನ್ ಅಳೆಯುವ ಅಂಗೈಯಗಲದ ಮೀಟರ್ ಇದೆ. ನೋಡಲು ಬೇರೆ ಬೇರೆ ಆದರೂ ಇವುಗಳ ಒಳಗಿನ ಕಷ್ಟ ಒಂದೇ ಜಾತಿಯದು. ತೀರಾ ಕಡಿಮೆ ದ್ರವವನ್ನು ತೀರಾ ಸಣ್ಣ ಜಾಗದಲ್ಲಿ, ಒಂದಿಷ್ಟೂ ಗಾಳಿ ಸೇರದಂತೆ ತುಂಬಬೇಕು. ದ್ರವ ಹರಿಯುವ ಓಣಿಗಳು ಮಿಲಿಮೀಟರ್‌ನ ಹತ್ತನೇ ಒಂದು ಭಾಗದಷ್ಟು ಅಗಲ ಇರುವ ಚಿಪ್‌ಗಳಲ್ಲಂತೂ ಇದೇ ದೊಡ್ಡ ತಲೆನೋವು. ಈ ವಿದ್ಯೆಗೆ ಮೈಕ್ರೋಫ್ಲೂಯಿಡಿಕ್ಸ್ ಅಂತಾರೆ.

ನಮ್ಮ ಕಡೆ ಇಂಥ ಯಂತ್ರಗಳ ಮಾತು ಬಂದಾಗ ಚರ್ಚೆ ಕರೆಂಟು, ನೆಟ್‌ವರ್ಕ್, ಖಾಲಿ ಹುದ್ದೆ ಇಷ್ಟರಲ್ಲೇ ಮುಗಿಯುತ್ತದೆ. ಅವೆಲ್ಲ ನಿಜವೇ. ಆದರೆ ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಬೇಸಿಗೆಯ ಮೂರು ತಿಂಗಳು ಇನ್ನೊಂದು ತೊಂದರೆ ಇದೆ. ಬಿಸಿಲೇ ಗುಳ್ಳೆ ಹುಟ್ಟಿಸುತ್ತದೆ. ಚಿಪ್‌ಗಳ ಸೂಚನಾ ಪುಸ್ತಕ ಬರೆದವರು 22 ಡಿಗ್ರಿಯ ಎಸಿ ರೂಮಿನಲ್ಲಿ ಕೂತು ಬರೆದಿರುತ್ತಾರೆ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳೇ ಬಿಸಿಲಿಗೆ ಹೆದರಿ ಬೆಳಿಗ್ಗೆ 8ಕ್ಕೆ ಬಾಗಿಲು ತೆರೆದು ಮಧ್ಯಾಹ್ನ 1:30ಕ್ಕೆ ಹಾಕುತ್ತವೆ. ಚಿಪ್‌ಗೆ ಆ ಅನುಕೂಲ ಇಲ್ಲ.

ಮೊದಲು ಗುಳ್ಳೆ ಯಾಕೆ ಅಷ್ಟು ಗಟ್ಟಿ ಅಂತ ನೋಡೋಣ. ಲೋಟದ ನೀರಿನಲ್ಲಿ ಗುಳ್ಳೆ ತಾನಾಗಿ ಮೇಲೇರಿ ಒಡೆಯುತ್ತದೆ. 100 ಮೈಕ್ರೋಮೀಟರ್, ಅಂದರೆ ಮಿಲಿಮೀಟರ್‌ನ ಹತ್ತನೇ ಒಂದು ಭಾಗದ ಓಣಿಯಲ್ಲಿ ಹಾಗಾಗಲ್ಲ. ಅಷ್ಟು ಎತ್ತರದ ಗುಳ್ಳೆಯನ್ನು ಮೇಲಕ್ಕೆ ನೂಕುವ ಒತ್ತಡ ಲೆಕ್ಕ ಹಾಕಿದರೆ ಸುಮಾರು 1 ಪಾಸ್ಕಲ್ ಬರುತ್ತದೆ. ನೀರಿನ ಮೇಲ್ಮೈ ಎಳೆತದಿಂದ ಆ ಗುಳ್ಳೆಯ ಗೋಡೆಯ ಎರಡು ಬದಿ ಇರುವ ಒತ್ತಡದ ವ್ಯತ್ಯಾಸ ಸುಮಾರು 2,900 ಪಾಸ್ಕಲ್. ಅಂದರೆ ಈ ಅಳತೆಯಲ್ಲಿ ತೇಲುವ ಶಕ್ತಿಗೆ ಬೆಲೆಯೇ ಇಲ್ಲ, ಎಲ್ಲವನ್ನೂ ನಡೆಸುವುದು ಮೇಲ್ಮೈ ಎಳೆತ.

ನೇರವಾದ, ಒಂದೇ ಅಗಲದ ಓಣಿಯಾದರೆ ಗುಳ್ಳೆಯ ಮುಂದಿನ ಎಳೆತವೂ ಹಿಂದಿನ ಎಳೆತವೂ ಹೆಚ್ಚು ಕಡಿಮೆ ಸಮವಾಗಿ, ಹೇಗೋ ಸಾಗುತ್ತದೆ. ತೊಂದರೆ ಇರುವುದು ಓಣಿ ಕಿರಿದಾಗುವ ಕಡೆ. 100 ಮೈಕ್ರೋಮೀಟರ್ ಓಣಿ 20ಕ್ಕೆ ಇಳಿಯುವ ಬಾಯಲ್ಲಿ ಗುಳ್ಳೆ ಒಳಗೆ ನುಗ್ಗಬೇಕಾದರೆ ಸುಮಾರು 11,500 ಪಾಸ್ಕಲ್ ಹೆಚ್ಚುವರಿ ಒತ್ತಡ ಬೇಕು. ಒಂದು ಮೀಟರ್‌ಗೂ ಜಾಸ್ತಿ ಎತ್ತರ ನಿಲ್ಲಿಸಿದ ನೀರಿನ ಒತ್ತಡ ಅದು. ಸಣ್ಣ ಪಂಪಿಗೆ ಅಷ್ಟು ಆಗುವುದಿಲ್ಲ. ಗುಳ್ಳೆ ಅಲ್ಲೇ ಕೂರುತ್ತದೆ, ದ್ರವ ಪಕ್ಕದ ಓಣಿ ಹಿಡಿಯುತ್ತದೆ, ಅಥವಾ ನಿಂತೇ ಬಿಡುತ್ತದೆ.

ನಿಂತರೆ ಒಂದು ರೀತಿ ಒಳ್ಳೆಯದೇ, ಕಣ್ಣಿಗೆ ಗೊತ್ತಾಗುತ್ತದೆ. ನನಗೆ ಜಾಸ್ತಿ ಚಿಂತೆ ಇರುವುದು ನಿಲ್ಲದೆ ಸುಳ್ಳು ಹೇಳುವ ಗುಳ್ಳೆಯ ಬಗ್ಗೆ.

ಹಿಮೋಗ್ಲೋಬಿನ್ ಮೀಟರನ್ನೇ ತೆಗೆದುಕೊಳ್ಳಿ. ಇದಕ್ಕೆ ಪಂಪಿಲ್ಲ, ವಾಲ್ವಿಲ್ಲ. ಒಂದು ಪ್ಲಾಸ್ಟಿಕ್ ಕ್ಯೂವೆಟ್, ಅದರೊಳಗೆ ತೆಳುವಾದ ಸೀಳು. ಸುಮಾರು 10 ಮೈಕ್ರೋಲೀಟರ್ ರಕ್ತ ತಾನಾಗಿ ಒಳಗೆ ಏರುತ್ತದೆ. ಶಾಲೆಯ ವರಾಂಡದಲ್ಲಿ ಸಿಸ್ಟರ್ ಹುಡುಗಿಯ ಬೆರಳು ಚುಚ್ಚುತ್ತಾರೆ, ಮೊದಲ ಹನಿ ಒರೆಸುತ್ತಾರೆ, ಆಮೇಲಿನ ಹನಿಗೆ ಕ್ಯೂವೆಟ್‌ನ ತುದಿ ತಾಗಿಸುತ್ತಾರೆ. ಹನಿ ದೊಡ್ಡದಿದ್ದರೆ ಒಂದೇ ಉಸಿರಿಗೆ ತುಂಬುತ್ತದೆ. ಹನಿ ಚಿಕ್ಕದಾಗಿ ಅರ್ಧಕ್ಕೆ ನಿಂತರೆ ಕೈ ತಾನಾಗಿ ಇನ್ನೊಂದು ಹನಿಗೆ ಹೋಗುತ್ತದೆ. ಅಲ್ಲೇ ತಪ್ಪುವುದು. ಎರಡು ಹನಿಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ, ಕೆಂಪಿನ ನಡುವೆ ಬೆಳ್ಳಗಿನ ಒಂದು ಚುಕ್ಕೆ. ಆ ಚುಕ್ಕೆ ಬೆಳಕು ಹಾಯುವ ಕಿಂಡಿಯಲ್ಲೇ ಕೂತರೆ, ರಕ್ತ ಇರಬೇಕಾದ ಜಾಗದಲ್ಲಿ ಗಾಳಿ ಇರುತ್ತದೆ. ಬೆಳಕು ಕಡಿಮೆ ಹೀರಿಕೆಯಾಗಿ ಅಂಕಿ ಕೆಳಗೆ ಬರುವ ಸಾಧ್ಯತೆ ಜಾಸ್ತಿ.

ಗರ್ಭಿಣಿಗೆ ಒಂದು ಡೆಸಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆ ಇದ್ದರೆ ತೀವ್ರ ರಕ್ತಹೀನತೆ. ಗೆರೆಯ ಪಕ್ಕದಲ್ಲಿ ಇರುವವರನ್ನು ಆ ಕಡೆ ಈ ಕಡೆ ಮಾಡಲು ಒಂದು ಚುಕ್ಕೆ ಗಾಳಿ ಸಾಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 47.8% ಜನರಿಗೆ ರಕ್ತಹೀನತೆ. ಅದನ್ನು ಅಳೆದದ್ದೂ ಇಂಥದೇ ಕ್ಯೂವೆಟ್‌ನಲ್ಲಿ. ಸಮೀಕ್ಷೆ ಸುಳ್ಳು ಅಂತ ನಾನು ಹೇಳುತ್ತಿಲ್ಲ, ಅಲ್ಲಿ ತರಬೇತಿ ಪಡೆದವರು ಕೆಲಸ ಮಾಡಿದ್ದಾರೆ. ಪ್ರತಿದಿನ ನೂರಾರು ಮಕ್ಕಳ ಬೆರಳು ಚುಚ್ಚುವ ಶಿಬಿರದಲ್ಲಿ ಕ್ಯೂವೆಟ್ಟನ್ನು ಬೆಳಕಿಗೆ ಹಿಡಿದು ನೋಡುವ ಎರಡು ಸೆಕೆಂಡ್ ಯಾರಿಗಿದೆ ಅಂತ ಕೇಳುತ್ತಿದ್ದೇನೆ. ಗುಳ್ಳೆ ಕಂಡರೆ ಆ ಕ್ಯೂವೆಟ್ ಎಸೆದು ಹೊಸದು ತೆಗೆಯಬೇಕು, ಅದರಲ್ಲೇ ರಕ್ತ ತುಂಬಿಸಬಾರದು. ಲೆಕ್ಕ ಹಾಕಿ ಕೊಟ್ಟ ಕ್ಯೂವೆಟ್‌ಗಳಿದ್ದಾಗ ಎಸೆಯಲು ಯಾರಿಗೂ ಮನಸ್ಸಾಗಲ್ಲ. ಹಾಗಾಗಿ ಶಿಬಿರಕ್ಕೆ ಸ್ಟಾಕ್ ಕೊಡುವಾಗಲೇ ಹಾಳಾಗುವ ಪಾಲು ಸೇರಿಸಿ ಕೊಡಬೇಕು.

ಓಣಿಗಳಿರುವ ಚಿಪ್‌ನಲ್ಲಿ ಗುಳ್ಳೆಯ ಕಾಟ ಇನ್ನೂ ಬಗೆಬಗೆ. ಗಾಳಿ ಕುಗ್ಗುತ್ತದೆ, ಹಿಗ್ಗುತ್ತದೆ. ನೀರು ಹಾಗಲ್ಲ. ಆದ್ದರಿಂದ ಪಂಪ್ ನಿಮಿಷಕ್ಕೆ ಇಷ್ಟೇ ಎಂದು ಒತ್ತುತ್ತಿದ್ದರೂ ಒಳಗೆ ಹರಿವು ಒಮ್ಮೆ ನಿಧಾನ, ಒಮ್ಮೆ ಜೋರು ಆಗುತ್ತದೆ. ಜೀವಕೋಶ ಬೆಳೆಸುವ ಚಿಪ್ ಆಗಿದ್ದರೆ ಗುಳ್ಳೆ ಹಾದುಹೋದ ಕಡೆ ಕೋಶಗಳು ಕಿತ್ತು ಬರುತ್ತವೆ, ಸಾಯುತ್ತವೆ. ಎಲೆಕ್ಟ್ರೋಡ್ ಮೇಲೆ ಕೂತರೆ ಕರೆಂಟೇ ಹರಿಯಲ್ಲ.

ಗುಳ್ಳೆ ಬರುವುದೆಲ್ಲಿಂದ

ಪ್ರಾಜೆಕ್ಟ್ ಮಾಡುವ ಹುಡುಗರಿಂದ ಮೇ ತಿಂಗಳಲ್ಲಿ ನಾನು ಕೇಳುವ ಮಾತು ಹೆಚ್ಚು ಕಡಿಮೆ ಒಂದೇ.

"ಸರ, ನಿನ್ನೆ ಸರಿ ಹರೀತಿತ್ರಿ. ಇವತ್ತ ಅರ್ಧ ತಾಸಿನ್ಯಾಗ ನಿಂತದ."

"ಬಫರ್ ಫ್ರಿಡ್ಜಿನಿಂದ ತೆಗೆದು ಹಂಗೇ ಹಾಕೀಯೇನು?"

"ಹೌದ್ರಿ ಸರ, ಹಂಗೇ ಹಾಕೀನ್ರಿ."

ಬಫರ್ ಅಂದರೆ ಹುಳಿ-ಕ್ಷಾರದ ಮಟ್ಟ ಹೆಚ್ಚು ಬದಲಾಗದಂತೆ ಹಿಡಿದಿಡುವ ಲವಣದ ನೀರು. ತಣ್ಣಗಿನ ನೀರಿನಲ್ಲಿ ಗಾಳಿ ಜಾಸ್ತಿ ಕರಗಿರುತ್ತದೆ. ನೀರು ಬಿಸಿಯಾದಂತೆ ಅದು ಹೊರಬರಲೇಬೇಕು. ಆಮ್ಲಜನಕವನ್ನಷ್ಟೇ ನೋಡಿದರೆ, ಗಾಳಿಯ ಜೊತೆ ಸಮತೋಲನದಲ್ಲಿರುವ ಒಂದು ಲೀಟರ್ ನೀರಿನಲ್ಲಿ 4 ಡಿಗ್ರಿಯಲ್ಲಿ ಸುಮಾರು 13.1 ಮಿಲಿಗ್ರಾಂ ಇರುತ್ತದೆ. 20 ಡಿಗ್ರಿಯಲ್ಲಿ 9.1. 40 ಡಿಗ್ರಿಯಲ್ಲಿ 6.4. ಅಂದರೆ ಫ್ರಿಡ್ಜಿನಿಂದ ಮೇ ತಿಂಗಳ ಕಲಬುರಗಿ ರೂಮಿಗೆ ಬಂದ ಬಫರ್ ತನ್ನಲ್ಲಿರುವ ಆಮ್ಲಜನಕದ ಅರ್ಧದಷ್ಟನ್ನು ಬಿಡಬೇಕು. ಸಾರಜನಕದ ಕಥೆಯೂ ಇದೇ.

ಅರ್ಧ ಅಂದರೆ ಎಷ್ಟು? ಒಂದು ಮಿಲಿಲೀಟರ್ ಬಫರ್‌ನಿಂದ ಹೊರಬರಬಹುದಾದ ಗಾಳಿ ಸುಮಾರು 10 ಮೈಕ್ರೋಲೀಟರ್. ಏನೂ ಅಲ್ಲ ಅನ್ನಿಸುತ್ತದೆ. ಆದರೆ 100 ಮೈಕ್ರೋಮೀಟರ್ ಅಗಲ, ಅಷ್ಟೇ ಆಳ, 2 ಸೆಂಟಿಮೀಟರ್ ಉದ್ದದ ಓಣಿಯಲ್ಲಿ ಹಿಡಿಯುವುದು ಬರೀ 0.2 ಮೈಕ್ರೋಲೀಟರ್. ಬಿಡುಗಡೆಯಾಗುವ ಗಾಳಿ ಓಣಿಯ 50 ಪಟ್ಟು! ಎಲ್ಲವೂ ಗುಳ್ಳೆಯಾಗಿಯೇ ಬರುತ್ತದೆ ಅಂತಲ್ಲ. ಅದರಲ್ಲಿ ಹತ್ತರಲ್ಲೊಂದು ಪಾಲು ಬಂದರೂ ಓಣಿ ಐದು ಸಲ ತುಂಬುತ್ತದೆ. 22 ಡಿಗ್ರಿಯ ರೂಮಿನಲ್ಲೂ ಇದು ಆಗುತ್ತದೆ, ಆದರೆ ಕಡಿಮೆ. ನಮ್ಮಲ್ಲಿ ಎಸಿ ಇದ್ದರೂ ಕರೆಂಟ್ ಹೋದ ಒಂದು ತಾಸಿನಲ್ಲಿ ರೂಮು ಬಿಸಿಯಾಗಿ, ಬೆಳಿಗ್ಗೆ ಸರಿ ಇದ್ದ ಚಿಪ್ ಮಧ್ಯಾಹ್ನಕ್ಕೆ ಕೆಡುತ್ತದೆ.

ಜೀನ್‌ಎಕ್ಸ್‌ಪರ್ಟ್ ಯಂತ್ರ ಇಟ್ಟ ಕೋಣೆ 15ರಿಂದ 30 ಡಿಗ್ರಿ ಒಳಗಿರಬೇಕು ಎಂದು ತಯಾರಕರೇ ಹೇಳುತ್ತಾರೆ. ಅಲ್ಲಿ ಕಾರಣಗಳು ಇನ್ನೂ ಹಲವಿವೆ, ಗುಳ್ಳೆಯೊಂದೇ ಅಲ್ಲ. ಆದರೆ 30ರ ಮೇಲೆ ಏನಾಗುತ್ತದೆ ಎಂಬ ಪ್ರಶ್ನೆ ನಮ್ಮ ಜಿಲ್ಲೆಗಳಿಗೆ ವರ್ಷದ ಬಹುಪಾಲು ಬಿಸಿ ಹೊತ್ತಿಗೆ ಅನ್ವಯಿಸುತ್ತದೆ.

ಗುಳ್ಳೆ ಬರುವ ಎರಡನೇ ದಾರಿ, ದ್ರವವನ್ನು ಒತ್ತದೆ ಎಳೆದು ತುಂಬುವುದು. ಬಾವಿಯ ಪಂಪ್‌ಸೆಟ್ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಕ್ಷನ್ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಪಂಪು ಏರ್ ಹಿಡಿಯುತ್ತದೆ, ಆದರೆ ಅಲ್ಲಿಂದ ಒಂದು ಹನಿ ನೀರೂ ಸೋರಲ್ಲ. ಚಿಪ್‌ನಲ್ಲೂ ಹಾಗೇ. ಒತ್ತಿ ತುಂಬಿದರೆ ಜಾಯಿಂಟ್ ಸಡಿಲ ಇರುವ ಕಡೆ ದ್ರವ ಹೊರಬಂದು ಸಿಕ್ಕಿಬೀಳುತ್ತದೆ. ಔಟ್‌ಲೆಟ್ ಕಡೆಯಿಂದ ಸಿರಿಂಜ್ ಹಾಕಿ ಎಳೆದರೆ ಅದೇ ಜಾಯಿಂಟ್ ಸದ್ದಿಲ್ಲದೆ ಗಾಳಿ ಕುಡಿಯುತ್ತದೆ.

ಇದರ ಒಂದು ಮರಿ ತಪ್ಪನ್ನು ನಾನು ಲ್ಯಾಬುಗಳಲ್ಲಿ ಮತ್ತೆ ಮತ್ತೆ ನೋಡುತ್ತೇನೆ. ಚಿಪ್ ಟೇಬಲ್ ಮೇಲೆ, ವೇಸ್ಟ್ ಬಾಟಲಿ ನೆಲದ ಮೇಲೆ. ನಡುವೆ 80 ಸೆಂಟಿಮೀಟರ್ ಟ್ಯೂಬ್ ನೀರು ತುಂಬಿಕೊಂಡು ನೇತಾಡುತ್ತಿರುತ್ತದೆ. ಆ ನೀರಿನ ಭಾರವೇ ಚಿಪ್‌ನ ಹೊರಬಾಯಿಯನ್ನು ಸುಮಾರು 8,000 ಪಾಸ್ಕಲ್‌ನಷ್ಟು ಕೆಳಕ್ಕೆ ಎಳೆಯುತ್ತದೆ. ಒತ್ತಡ ಇಳಿದರೆ ಕರಗಿದ ಗಾಳಿ ಇನ್ನೂ ಸುಲಭವಾಗಿ ಹೊರಬರುತ್ತದೆ. ಬಾಟಲಿಯನ್ನು ಎತ್ತಿ ಚಿಪ್‌ಗಿಂತ ಮೇಲೆ, ಒಂದು ಶೆಲ್ಫ್ ಮೇಲೆ ಇಟ್ಟರೆ ಅದೇ ನೀರು ಈಗ ಗುಳ್ಳೆಯನ್ನು ಅದುಮುತ್ತದೆ. ಖರ್ಚು ಸೊನ್ನೆ.

ಇನ್ನು ಚೂಪಾದ ಮೂಲೆ, ದಿಢೀರನೆ ಅಗಲವಾಗುವ ಕೋಣೆ, ಸಿಲಿಕೋನ್ ಟ್ಯೂಬ್ (ಗಾಳಿ ಅದರ ಗೋಡೆಯಿಂದಲೇ ನುಸುಳುತ್ತದೆ), ಸಿರಿಂಜ್ ಬದಲಿಸುವಾಗ ಸೂಜಿಯ ಬುಡದಲ್ಲಿ ಉಳಿಯುವ ಗಾಳಿ. ಇವೆಲ್ಲ ಮಾಮೂಲು. ಕಾಲೇಜುಗಳಲ್ಲಿ ಚಿಪ್ ಮಾಡಲು ಬಳಸುವ ಪಿಡಿಎಂಎಸ್ ಎಂಬ ರಬ್ಬರಿಗೆ ನೀರು ಕಂಡರೆ ಆಗಲ್ಲ. ಪ್ಲಾಸ್ಮಾ (ರಕ್ತದ್ದಲ್ಲ, ವಿದ್ಯುತ್ತಿನಿಂದ ಅಯಾನುಗಳಾದ ಅನಿಲ) ಕೊಟ್ಟರೆ ಸ್ವಲ್ಪ ಹೊತ್ತು ನೀರನ್ನು ಚೆನ್ನಾಗಿ ಹಿಡಿಯುತ್ತದೆ, ಗಾಳಿಯಲ್ಲಿ ಇಟ್ಟರೆ ಗಂಟೆಗಳಲ್ಲಿ, ದಿನಗಳಲ್ಲಿ ಮತ್ತೆ ಹಳೆ ಚಾಳಿ. ಪ್ಲಾಸ್ಮಾ ಆದ ಕೂಡಲೇ ತುಂಬಬೇಕು, ಇಲ್ಲವೇ ನೀರೊಳಗೇ ಇಡಬೇಕು.

ಬರದಂತೆ ತಡೆಯುವುದು

ಗುಳ್ಳೆ ತೆಗೆಯಲು ಮಾರುಕಟ್ಟೆಯಲ್ಲಿ ಬೇಕಾದಷ್ಟು ಸಾಮಾನು ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಹವೆಗೆ ದುಡ್ಡು ಹಾಕಬೇಕಾದ್ದು ತೆಗೆಯುವುದಕ್ಕಲ್ಲ, ತಡೆಯುವುದಕ್ಕೆ.

ಮೊದಲ ಕೆಲಸಕ್ಕೆ ಉಪಕರಣವೇ ಬೇಡ. ಬಫರ್ ಕೆಡುವಂಥದ್ದಲ್ಲದಿದ್ದರೆ ಚಿಪ್ ಯಾವ ತಾಪಮಾನದಲ್ಲಿ ಓಡುತ್ತದೋ ಅದಕ್ಕಿಂತ ಎರಡು ಮೂರು ಡಿಗ್ರಿ ಜಾಸ್ತಿಯಲ್ಲಿ, ಮುಚ್ಚಳ ಸಡಿಲ ಮಾಡಿ, ಅರ್ಧ-ಮುಕ್ಕಾಲು ತಾಸು ಇಡಿ. ಬರಬೇಕಾದ ಗಾಳಿ ಬಾಟಲಿಯಲ್ಲೇ ಬಂದು ಹೋಗಲಿ, ಓಣಿಯಲ್ಲಿ ಬೇಡ. ಎಂಜೈಮ್‌ನಂಥ ಸೂಕ್ಷ್ಮ ವಸ್ತುವನ್ನು ತಣ್ಣಗೇ ಇಟ್ಟುಕೊಂಡು ಕೊನೆಯಲ್ಲಿ ಬೆರೆಸಬಹುದು. ಅದರ ಪಾಲು ಹೇಗೂ ಚಿಕ್ಕದು.

ಇನ್ನೂ ಬಿಗಿ ಬೇಕೆಂದರೆ ವ್ಯಾಕ್ಯೂಮ್. ಪಿಡಿಎಂಎಸ್ ಚಿಪ್ ಮಾಡುವ ಯಾವ ಲ್ಯಾಬಿನಲ್ಲೂ ಡೆಸಿಕೇಟರ್ (ಗಾಳಿಯಾಡದಂತೆ ಮುಚ್ಚುವ ಗಾಜಿನ ಇಲ್ಲವೇ ಪ್ಲಾಸ್ಟಿಕ್ ಪಾತ್ರೆ), ವ್ಯಾಕ್ಯೂಮ್ ಪಂಪ್ ಇದ್ದೇ ಇರುತ್ತದೆ, ಕಲಸಿದ ರಬ್ಬರಿನ ಗುಳ್ಳೆ ತೆಗೆಯಲು ಅದು ಬೇಕೇ ಬೇಕು. ಬಫರನ್ನೂ ಅದರಲ್ಲೇ ಅರ್ಧ ತಾಸು ಇಡಿ. ಅದೂ ಇಲ್ಲವಾ? ಸಿರಿಂಜಿಗೆ ಮುಕ್ಕಾಲು ಭಾಗ ಬಫರ್ ಎಳೆದು, ಮೇಲಿನ ಗಾಳಿ ಹೊರಹಾಕಿ, ಮೂತಿಗೆ ಬಿಗಿಯಾದ ಕ್ಯಾಪ್ ಹಾಕಿ. ಈಗ ಪ್ಲಂಜರನ್ನು ಜೋರಾಗಿ ಹಿಂದಕ್ಕೆ ಎಳೆದು ಹಿಡಿಯಿರಿ. ಒಳಗೆ ಒತ್ತಡ ಬಿದ್ದು, ಸ್ವಚ್ಛವಾಗಿ ಕಾಣುತ್ತಿದ್ದ ದ್ರವದಲ್ಲಿ ಗೋಡೆಯುದ್ದಕ್ಕೂ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಬೆರಳಿನಿಂದ ತಟ್ಟಿ, ಮೇಲೆ ಸೇರಿಸಿ, ಕ್ಯಾಪ್ ತೆಗೆದು ಹೊರಹಾಕಿ. ಗುಳ್ಳೆ ಏಳುವುದು ಕಡಿಮೆಯಾಗುವವರೆಗೆ ಮಾಡಿ. ಹೊಸ ಹುಡುಗರಿಗೆ ನಾನು ಮೊದಲು ತೋರಿಸುವುದೇ ಇದನ್ನು. ನೀರಿನಲ್ಲಿ ಗಾಳಿ ಇದೆ ಅಂತ ಹತ್ತು ಸಲ ಹೇಳುವುದಕ್ಕಿಂತ ಒಂದು ಸಲ ಪ್ಲಂಜರ್ ಎಳೆಸುವುದು ವಾಸಿ. ಹೀಗೆ ಗಾಳಿ ತೆಗೆದ ಬಫರ್ ಮತ್ತೆ ಗಾಳಿ ಹೀರುತ್ತಾ ಹೋಗುತ್ತದೆ, ಆದ್ದರಿಂದ ಬೇಗ ಬಳಸಬೇಕು. ನಾಳೆಗೆ ಅಂತ ಎತ್ತಿಟ್ಟರೆ ಮಾಡಿದ್ದು ದಂಡ.

ಚಿಪ್ಪನ್ನು ಮೊದಲ ಸಲ ತುಂಬುವಾಗ ನೀರಿನ ಬದಲು ಎಥನಾಲ್ ಬಿಡುವುದು ಇನ್ನೊಂದು ಹಳೆಯ ಉಪಾಯ. ನೀರಿನ ಮೇಲ್ಮೈ ಎಳೆತ 72 ಮಿಲಿನ್ಯೂಟನ್ ಪ್ರತಿ ಮೀಟರ್, ಎಥನಾಲ್‌ದು 22. ಮೂಲೆ ಮೂಲೆಗೂ ಹೋಗಿ ಗೋಡೆ ಒದ್ದೆ ಮಾಡುತ್ತದೆ. ಆಮೇಲೆ ಅದನ್ನು ನಿಧಾನವಾಗಿ ಬಫರ್‌ನಿಂದ ತೊಳೆದರಾಯಿತು. ಕೋಶ, ಪ್ರೋಟೀನ್ ಮೊದಲೇ ಕೂಡಿಸಿಟ್ಟ ಚಿಪ್‌ಗೆ ಇದು ನಡೆಯಲ್ಲ.

ಕಾರ್ಬನ್ ಡೈಆಕ್ಸೈಡ್ ಉಪಾಯ ನನಗೆ ಇದಕ್ಕಿಂತ ಇಷ್ಟ. ದ್ರವ ಬಿಡುವ ಮೊದಲು ಓಣಿಯೊಳಗಿನ ಗಾಳಿಯನ್ನು ಆ ಅನಿಲದಿಂದ ಹೊರದೂಡಿ. ಮೂಲೆಯಲ್ಲಿ ಸಿಕ್ಕಿಬೀಳುವುದು ಈಗ ಗಾಳಿಯಲ್ಲ, ಕಾರ್ಬನ್ ಡೈಆಕ್ಸೈಡ್. ಅದು ನೀರಿನಲ್ಲಿ ಗಾಳಿಗಿಂತ ಹತ್ತಾರು ಪಟ್ಟು ಜಾಸ್ತಿ ಕರಗುತ್ತದೆ. ಸಿಕ್ಕಿದ ಗುಳ್ಳೆ ನೋಡನೋಡುತ್ತಾ ಸಣ್ಣದಾಗಿ ಇಲ್ಲವಾಗುತ್ತದೆ. ಬಫರ್ ಸ್ವಲ್ಪ ಹುಳಿಯಾಗುತ್ತದೆ, ಅಂದರೆ ಪಿಎಚ್ ಇಳಿಯುತ್ತದೆ. ಮೊದಲ ತುಂಬುವಿಕೆಯನ್ನು ಹೊರಗೆ ಬಿಟ್ಟು ಹೊಸ ಬಫರ್ ಹಾಯಿಸಿದರೆ ಅದೂ ಸರಿಹೋಗುತ್ತದೆ.

ಟ್ಯೂಬ್ ಚುಚ್ಚುವಾಗ ಟ್ಯೂಬಿನ ತುದಿಯಲ್ಲೊಂದು ಹನಿ, ಚಿಪ್‌ನ ಬಾಯಿಯ ಮೇಲೊಂದು ಹನಿ ಇರಲಿ. ಹನಿಗೆ ಹನಿ ತಾಗಿಸಿಯೇ ಒಳಗೆ ತಳ್ಳಿ. ಹೇಳಲು ಇಷ್ಟೇ, ಆದರೆ ಫ್ಯಾನ್ ಕೆಳಗೆ, ಬೆವರುವ ಕೈಯಲ್ಲಿ, ಬೇಸಿಗೆಯ ಒಣಹವೆಯಲ್ಲಿ ಆ ಹನಿ ಆರುವ ಮೊದಲು ಮಾಡುವುದಕ್ಕೆ ರೂಢಿ ಬೇಕು.

ಬಂದ ಮೇಲೆ

ಬಂದೇ ಬಿಟ್ಟರೆ ಜೋರಾಗಿ ಒತ್ತಿ ಓಡಿಸುವುದು ಎಲ್ಲರ ಮೊದಲ ಯೋಚನೆ. ಒಂದೊಂದು ಸಲ ಹೋಗುತ್ತದೆ. ಎಷ್ಟೋ ಸಲ ದೊಡ್ಡ ಗುಳ್ಳೆ ಒಡೆದು ನಾಲ್ಕು ಚಿಕ್ಕವಾಗಿ ನಾಲ್ಕು ಕಡೆ ಕೂರುತ್ತದೆ. ಅದಕ್ಕಿಂತ ಹೊರಬಾಯಿ ಮುಚ್ಚಿ, ಒಳಬಾಯಿಯಿಂದ ಸಮನಾಗಿ ಒತ್ತಡ ಕೊಟ್ಟು ಕಾಯುವುದು ಒಳ್ಳೆಯದು. ಹೊರಗಿನ ಗಾಳಿಯ ಒತ್ತಡಕ್ಕಿಂತ ಒಂದು ವಾಯುಭಾರ ಜಾಸ್ತಿ ಕೊಟ್ಟರೆ ಗುಳ್ಳೆ ಕೂಡಲೇ ಅರ್ಧಕ್ಕೆ ಕುಗ್ಗುತ್ತದೆ, ಆಮೇಲೆ ದ್ರವದಲ್ಲಿ ಕರಗುತ್ತಾ ಹೋಗುತ್ತದೆ. ಪಿಡಿಎಂಎಸ್ ಆದರೆ ಗೋಡೆಯ ಮೂಲಕವೂ ಹೊರಹೋಗುತ್ತದೆ. ಚಿಪ್ ಅಷ್ಟು ಒತ್ತಡ ತಡೆಯುತ್ತದಾ ಅಂತ ಮೊದಲು ನೋಡಿಕೊಳ್ಳಬೇಕು, ಇಲ್ಲದಿದ್ದರೆ ಅಂಟು ಬಿಟ್ಟು ಪದರವೇ ಏಳುತ್ತದೆ.

ಬಬಲ್ ಟ್ರ್ಯಾಪ್ ಎಂಬ ಉಪಕರಣ ಚಿಪ್‌ಗಿಂತ ಮುಂಚೆ ಕೂರುತ್ತದೆ. ಅಗಲವಾದ ಸಣ್ಣ ಕೋಣೆ, ಗುಳ್ಳೆ ಮೇಲೆ ನಿಲ್ಲುತ್ತದೆ, ದ್ರವ ಕೆಳಗಿನಿಂದ ಸಾಗುತ್ತದೆ. ಕೆಲವದರಲ್ಲಿ ನೀರು ಬಿಡದ, ಗಾಳಿ ಬಿಡುವ ಪಿಟಿಎಫ್‌ಇ ಪೊರೆ ಇರುತ್ತದೆ. ಚೆನ್ನಾಗೇ ಕೆಲಸ ಮಾಡುತ್ತದೆ. ಆದರೆ ಆ ಕೋಣೆಯಲ್ಲಿ 50 ಮೈಕ್ರೋಲೀಟರ್ ಹಿಡಿಯುತ್ತದೆ ಅನ್ನಿ, ಹರಿವು ನಿಮಿಷಕ್ಕೆ 1 ಮೈಕ್ರೋಲೀಟರ್. ಹೊಸ ದ್ರವ ಹಾಕಿದ್ದು ಚಿಪ್ ಮುಟ್ಟಲು ಮುಕ್ಕಾಲು ತಾಸಿಗೂ ಜಾಸ್ತಿ. ಒಂದು ಹನಿ ರಕ್ತದ ಪರೀಕ್ಷೆಯಲ್ಲಿ ಮಾದರಿಯೆಲ್ಲ ಟ್ರ್ಯಾಪ್‌ನಲ್ಲೇ ಉಳಿಯುತ್ತದೆ. ದಿನಗಟ್ಟಲೆ ಕೋಶ ಸಾಕುವ ಪ್ರಯೋಗಕ್ಕೆ ಸರಿ, ಆರೋಗ್ಯ ಕೇಂದ್ರದ ಟೆಸ್ಟಿಗೆ ಅಲ್ಲ. ಅದಲ್ಲದೆ ಬಿಸಿ ಚಿಪ್‌ನೊಳಗೇ ಹುಟ್ಟುವ ಗುಳ್ಳೆಗೆ ಮುಂಚೆ ಕೂತ ಟ್ರ್ಯಾಪ್ ಏನು ಮಾಡೀತು?

ಹಾಗಾದರೆ ಓಣಿಯೇ ಬೇಡ, ಕಾಗದ ಸಾಕಲ್ವಾ? ಇದು ಒಳ್ಳೆಯ ಪ್ರಶ್ನೆ. ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ತಂಡ 2007ರಲ್ಲಿ ಕಾಗದದ ಮೇಲೆ ದ್ರವದ ದಾರಿ ಮಾಡಿ ತೋರಿಸಿತು. ಕಾಗದ ತೆರೆದೇ ಇರುತ್ತದೆ, ಒದ್ದೆ ಮುಂದೆ ಹೋದಂತೆ ಗಾಳಿ ಮೇಲಿನಿಂದ ಹೊರಡುತ್ತದೆ, ಗುಳ್ಳೆಗೆ ಜಾಗವೇ ಇಲ್ಲ. ಯಾದಗಿರಿಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದೆಯಾ ಎಂಬಂಥ ಹೌದು-ಇಲ್ಲ ಪ್ರಶ್ನೆಗೆ ಕಾಗದವೇ ಸರಿಯಾದ ದಾರಿ ಅಂತ ನನಗನ್ನಿಸುತ್ತದೆ. ಆದರೆ ನಮ್ಮ ಬೇಸಿಗೆ ಅದನ್ನೂ ಬಿಡಲ್ಲ. ಉದ್ದದ ದಾರಿಯಾದರೆ ದ್ರವ ಕೊನೆ ಮುಟ್ಟುವ ಮೊದಲೇ ಆರುತ್ತದೆ. ದಾರಿ ಗಿಡ್ಡ ಇರಬೇಕು, ಮೇಲೆ ಹಾಳೆ ಹೊದಿಸಬೇಕು. ಡಿಎನ್‌ಎ ಹುಡುಕುವ, 95 ಡಿಗ್ರಿಗೆ ಕಾಯಿಸುವ ಪರೀಕ್ಷೆಗಳು ಕಾಗದದ ಕೈಗೆ ಸಿಗುವುದು ಕಷ್ಟ. ಅಲ್ಲಿ ಮುಚ್ಚಿದ ಕೋಣೆ ಬೇಕು, ಗುಳ್ಳೆಯ ಜೊತೆ ಗುದ್ದಾಟ ತಪ್ಪಿದ್ದಲ್ಲ.

ಯಂತ್ರ ಕೊಳ್ಳುವವರು ಟೆಂಡರಿನಲ್ಲಿ ಎರಡು ಸಾಲು ಸೇರಿಸಬಹುದು. ಗುಳ್ಳೆ ಬಂದರೆ ಯಂತ್ರಕ್ಕೆ ತಾನಾಗಿ ಗೊತ್ತಾಗುತ್ತದಾ, ಗೊತ್ತಾದರೆ ತಪ್ಪು ಅಂಕಿ ಕೊಡದೆ ಎರರ್ ತೋರಿಸಿ ನಿಲ್ಲುತ್ತದಾ? ಎರರ್ ಬಂದು ಹಾಳಾದ ಕಾರ್ಟ್ರಿಡ್ಜಿನ ದುಡ್ಡು ಯಾರದು? ಡೆಮೊ ಸಾಮಾನ್ಯವಾಗಿ ಬೆಂಗಳೂರಿನಲ್ಲಿ, ಇಲ್ಲವೇ ಇಲ್ಲಿನ ಎಸಿ ಮೀಟಿಂಗ್ ಹಾಲಿನಲ್ಲಿ ಆಗುತ್ತದೆ. ಅದನ್ನು ಮೇ ತಿಂಗಳ ಮಧ್ಯಾಹ್ನ ಶಹಾಪುರದಂಥ ತಾಲ್ಲೂಕು ಆಸ್ಪತ್ರೆಯ ಮಾಮೂಲಿ ಕೋಣೆಯಲ್ಲಿ ಮಾಡಿಸಲಿ. ರೀಏಜೆಂಟ್ ಫ್ರಿಡ್ಜಿನಿಂದ ಆಗಷ್ಟೇ ತೆಗೆದದ್ದಿರಲಿ, ಕೈ ಅಲ್ಲಿನ ಟೆಕ್ನಿಷಿಯನ್‌ದೇ ಇರಲಿ, ಕಂಪನಿಯವರದ್ದು ಬೇಡ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಗುಲ್ಬರ್ಗಾ ವಿಶ್ವವಿದ್ಯಾಲಯ, ಬೀದರ್ ಮತ್ತು ಕಲಬುರಗಿಯ ಎಂಜಿನಿಯರಿಂಗ್ ಕಾಲೇಜುಗಳು ಇಂಥ ಪರೀಕ್ಷೆಯನ್ನು ಕೂತು ನೋಡಿ ಬರೆದಿಡಬಹುದು. ಅದಕ್ಕೆ ಬೇಕಾದ್ದು ಒಂದು ಮೈಕ್ರೋಸ್ಕೋಪ್, ಒಂದು ಥರ್ಮಾಮೀಟರ್, ಎಷ್ಟು ಚಿಪ್ ಹಾಕಿದೆವು, ಎಷ್ಟರಲ್ಲಿ ಗುಳ್ಳೆ ಬಂತು ಅಂತ ಬರೆಯಲು ಒಂದು ರಿಜಿಸ್ಟರ್.